ಎರಡು ಎಕರೆ ಹೊಲದಲ್ಲಿ ಬಡಾವಣೆ: ಊರಿನ ಜಾಗ ಮೊದಲು, ಸೈಟು ಆಮೇಲೆ

ಊರಿಗೆ ಅಂಟಿಕೊಂಡ ಪಿತ್ರಾರ್ಜಿತ ಹೊಲವನ್ನು ಬಡಾವಣೆ ಮಾಡುವಾಗ ನಾವು ನಕ್ಷೆಯಲ್ಲಿ ಮೊದಲು ಗುರುತು ಹಾಕಿದ್ದು ಅಂಗನವಾಡಿ, ಹಾಲಿನ ಡೇರಿ, ನೀರಿನ ಟ್ಯಾಂಕಿಗೆ. ಅದೂ ರಸ್ತೆ ಬದಿಯ ಎತ್ತರದ ಜಾಗದಲ್ಲಿ. ಸೈಟು ಮೊದಲು ಬಿಡಿಸಿದರೆ ಊರಿನ ಪಾಲಿಗೆ ಉಳಿಯುವುದು ಮಳೆನೀರು ನಿಲ್ಲುವ ಮೂಲೆ. ಅಲ್ಲಿಗೆ ಯಾವ ತಾಯಿ ಮಗುವನ್ನು ಕಳಿಸಿಯಾಳು?

ಅದಕ್ಕೂ ಮುಂಚೆ ಕಾಗದಪತ್ರ. ಪಹಣಿ ಜಂಟಿಯಾಗಿದ್ದರೆ ವಂಶವೃಕ್ಷದಲ್ಲಿರುವ ಹಕ್ಕುದಾರರೆಲ್ಲರ ಸಹಿ ಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಸಮಪಾಲು. ಅವರನ್ನು ಬಿಟ್ಟು ಮುಂದುವರಿದರೆ ದಾವೆ ಗ್ಯಾರಂಟಿ. ಸರ್ವೆಯಲ್ಲಿ 'ಬಿ' ಖರಾಬು (ಸಾರ್ವಜನಿಕ ಬಳಕೆಯ ಜಾಗ) ಎಂದಿರುವ ಹಳ್ಳ, ಬಂಡಿದಾರಿಯ ಗುಂಟೆಗಳನ್ನು ಲೆಕ್ಕದಿಂದ ಕಳೆಯಿರಿ, ಅವು ನಿಮ್ಮವಲ್ಲ. ಆಮೇಲೆ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂನಡಿ ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ಪರಿವರ್ತನೆ, ನಂತರ ಬಡಾವಣೆ ನಕ್ಷೆಗೆ ಮಂಜೂರಾತಿ. ಪರಿವರ್ತನೆ ಆದೇಶವೊಂದೇ ಸಾಕೆಂದು ಸೈಟು ಮಾರಿದ ಕಡೆ ಇ-ಸ್ವತ್ತು (ಪಂಚಾಯಿತಿಯ ಗಣಕೀಕೃತ ಆಸ್ತಿ ದಾಖಲೆ) ಖಾತೆಗೂ ಬ್ಯಾಂಕ್ ಸಾಲಕ್ಕೂ ಜನ ಅಲೆಯುತ್ತಿದ್ದಾರೆ. ಮಾರುವ ಬಡಾವಣೆ 500 ಚದರ ಮೀಟರ್ ದಾಟಿದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯೂ ಆಗಬೇಕು.

ಎರಡು ಎಕರೆ ಎಂದರೆ 87,120 ಚದರಡಿ. ಇದರಲ್ಲಿ ಶೇ 55 ಸೈಟಿಗೆ ಇಟ್ಟರೆ 30×40 ಅಡಿ ಅಳತೆಯ 39 ಸೈಟು ಬರುತ್ತವೆ. ಉಳಿದದ್ದು ರಸ್ತೆ, ಉದ್ಯಾನ, ಊರಿನ ಕಟ್ಟಡಗಳಿಗೆ. ಇದನ್ನು ನಷ್ಟ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಡೇರಿ, ಅಂಗನವಾಡಿ ನಡೆದು ಹೋಗುವಷ್ಟು ಹತ್ತಿರವಿದ್ದರೇ ಜನ ಬಂದು ನೆಲೆಸುವುದು.

ನೀರಿನ ಲೆಕ್ಕ ಇನ್ನೂ ಮುಖ್ಯ. 39 ಮನೆ, ಮನೆಗೆ ಐದು ಜನ, ತಲೆಗೆ ದಿನಕ್ಕೆ 55 ಲೀಟರ್ ಹಿಡಿದರೆ ದಿನಕ್ಕೆ ಸುಮಾರು 10,700 ಲೀಟರ್. ಕರೆಂಟು ಕೈಕೊಡುವ ಊರಲ್ಲಿ ಎರಡು ದಿನದ ದಾಸ್ತಾನಿಗೆ 25,000 ಲೀಟರ್ ಟ್ಯಾಂಕ್ ಬೇಕು. ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಎರಡು ಎಕರೆಗೆ ಬೀಳುವ ನೀರು ಸುಮಾರು 81,000 ಲೀಟರ್. ಹೊಲ ಇದ್ದಾಗ ಬಹುಪಾಲು ನೆಲ ಕುಡಿಯುತ್ತಿತ್ತು, ಈಗ ಚರಂಡಿಗೆ ನುಗ್ಗುತ್ತದೆ. ಚರಂಡಿಗೆ 200 ಅಡಿಗೆ ಒಂದಡಿ ಇಳಿಜಾರು ಕೊಟ್ಟೆವು; ಇಳಿಜಾರು ಸಾಲದಿದ್ದರೆ ಹೂಳು ಕೂತು ಸೊಳ್ಳೆ. ಕೊನೆಯ ತಗ್ಗಿನಲ್ಲಿ ಇಂಗುಗುಂಡಿ, ನೀರು ಅದಕ್ಕೆ ಸೇರುವ ಮುನ್ನ ಹೂಳು ತಡೆಯಲು ಜಲ್ಲಿ ತುಂಬಿದ ತೊಟ್ಟಿ. ಎರೆ ಮಣ್ಣಿದ್ದರೆ ಇಂಗುಗುಂಡಿ ನಂಬಬೇಡಿ, ನೀರನ್ನು ಕೃಷಿಹೊಂಡಕ್ಕೆ ತಿರುಗಿಸಿ. ರಸ್ತೆ ಅಗೆಯುವ ಮುನ್ನ ಮೇಲಿನ ಅರ್ಧ ಅಡಿ ಮಣ್ಣು ಕೆರೆದು ಗುಡ್ಡೆ ಹಾಕಿಸಿ. ಉದ್ಯಾನದ ಗಿಡಗಳಿಗೆ ಅದಕ್ಕಿಂತ ಒಳ್ಳೆಯದು ದುಡ್ಡು ಕೊಟ್ಟರೂ ಸಿಗದು.

ಮೊದಲ ಸೈಟು ನೋಂದಣಿಯಾಗುವ ಮುನ್ನವೇ ಊರಿನ ಜಾಗವನ್ನು ಪಂಚಾಯಿತಿಗೆ ಹಕ್ಕು ಬಿಡುಗಡೆ ಪತ್ರ ಬರೆದು ಕೊಡಿ. ಪತ್ರದಲ್ಲಿ ಚೆಕ್ಕುಬಂದಿ (ನಾಲ್ಕೂ ಕಡೆಯ ಗಡಿ ವಿವರ), ಅಳತೆ, ಬಳಕೆ ಮೂರೂ ಇರಲಿ. ಬರೀ 'ನಾಗರಿಕ ಸೌಲಭ್ಯ' ಎಂದರೆ ನಾಳೆ ಅಲ್ಲಿ ಯಾರದೋ ಜಲ್ಲಿ ರಾಶಿ ಬೀಳುತ್ತದೆ. ಗಡಿಕಲ್ಲು ನೆಡಿಸಿ, ಖಾತೆ ಪಂಚಾಯಿತಿ ಹೆಸರಿಗೆ ಏರಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಸೈಟಿನ ಮಾತು.