ಒದ್ದೆ ಕೆಲಸ, ಒಣ ಕೆಲಸ: ಮನೆಯಲ್ಲೇ ಜಲವರ್ಣ ಬರೆದು ಮಾರುವವರಿಗೆ

ಆಕಾಶಕ್ಕೆ ನೀಲಿ ಹಚ್ಚಿ ಒಂದು ನಿಮಿಷ ಆಗಿರುತ್ತದೆ. ಅಷ್ಟರಲ್ಲಿ ಸಿಲಿಂಡರ್ ತಂದವನು ಬೆಲ್ ಮಾಡುತ್ತಾನೆ. ಓಟಿಪಿ ಹೇಳಿ, ದುಡ್ಡು ಕೊಟ್ಟು, ಖಾಲಿ ಸಿಲಿಂಡರ್ ಸರಿಸಿ ಬರುವಷ್ಟರಲ್ಲಿ ಹಾಳೆ ಅರ್ಧ ಆರಿರುತ್ತದೆ. ಇನ್ನೊಂದು ಸಲ ಎಳೆದುಬಿಡೋಣ ಎಂದು ಒದ್ದೆ ಕುಂಚ ಇಟ್ಟರೆ ಆಕಾಶದ ನಡುವೆ ಹೂಕೋಸು ಅರಳುತ್ತದೆ. ಅರೆಬರೆ ಆರಿದ ಜಾಗಕ್ಕೆ ಬಿದ್ದ ಹೊಸ ನೀರು ಸುತ್ತ ಹರಡುತ್ತಾ, ಇನ್ನೂ ಕೂರದ ಬಣ್ಣದ ಕಣಗಳನ್ನು ಗುಡಿಸಿಕೊಂಡು ಹೋಗಿ ಅಂಚಿನಲ್ಲಿ ಬಿಡುವುದರಿಂದ ಆಗುವ ಕಲೆ ಅದು. ತಿದ್ದಲು ಹೋದಷ್ಟೂ ಕೆಡುತ್ತದೆ.

ಮನೆಯಿಂದ ಈ ವ್ಯಾಪಾರ ಮಾಡುವವರ ಕಷ್ಟವೆಲ್ಲ ಹೆಚ್ಚುಕಡಿಮೆ ಈ ಹತ್ತು ನಿಮಿಷದ್ದೇ. ಆದ್ದರಿಂದ ಮೊದಲು ಕೆಲಸವನ್ನು ಒದ್ದೆ, ಒಣ ಎಂದು ಎರಡು ಪಾಲು ಮಾಡಿ. ಆಕಾಶ, ಹಿನ್ನೆಲೆ, ದೊಡ್ಡ ಗೋಡೆ, ಕೆರೆಯ ನೀರು ಒದ್ದೆ ಕೆಲಸ, ಕೂತರೆ ಏಳುವಂತಿಲ್ಲ. ಪೆನ್ಸಿಲ್ ರೇಖೆ, ಹೆಂಚಿನ ಗೆರೆ, ಕಿಟಕಿ ಸರಳು, ಸ್ಕ್ಯಾನ್, ಪ್ಯಾಕಿಂಗ್, ವಾಟ್ಸ್ಯಾಪ್ ಉತ್ತರ, ಲೆಕ್ಕ ಇವೆಲ್ಲ ಒಣ ಕೆಲಸ. ನಡುವೆ ಎದ್ದು ಹುಳಿಗೆ ಒಗ್ಗರಣೆ ಹಾಕಿ ಬಂದರೂ ನಷ್ಟವಿಲ್ಲ. ಒಂದು ಚಿತ್ರದಲ್ಲಿ ನಿಜವಾದ ಒದ್ದೆ ಕೆಲಸ ಎರಡು ಮೂರು ಗಂಟೆ ಮೀರುವುದಿಲ್ಲ, ಅದೂ ನಲವತ್ತು ನಿಮಿಷದ ತುಂಡುಗಳಲ್ಲಿ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಬೆಳಗ್ಗೆ ಐದೂಕಾಲರಿಂದ ಆರು, ಮತ್ತೆ ವ್ಯಾನ್ ಹೋದ ಮೇಲೆ ಒಂಬತ್ತೂವರೆಯಿಂದ ಹನ್ನೊಂದು. ಇಷ್ಟನ್ನು ಕಾಯ್ದಿಟ್ಟುಕೊಂಡರೆ ವಾರಕ್ಕೆ ಎರಡು ಚಿತ್ರ ಆರಾಮಾಗಿ ಮುಗಿಯುತ್ತವೆ. ಆದರೆ ನಸುಕಿನಲ್ಲಿ ಹಳದಿ ಛಾಯೆಯ ಬಲ್ಬಿನ ಕೆಳಗೆ ಬಣ್ಣ ಕಲಸಬೇಡಿ. ತೆಳು ಹಳದಿ ಕಣ್ಣಿಗೇ ಕಾಣದೆ ಹೆಚ್ಚು ಹಚ್ಚಿರುತ್ತೀರಿ. 5000ರಿಂದ 6500 ಕೆಲ್ವಿನ್‌ನ ಬಿಳಿ ದೀಪ ಬೇಕು.

ಮನೆಯವರಿಗೆ ಹೇಳುವ ರೀತಿಯಲ್ಲೂ ಒಂದು ಉಪಾಯವಿದೆ. "ಚಿತ್ರ ಮಾಡ್ತಿದ್ದೀನಿ, ಕರೀಬೇಡಿ" ಎಂದರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನೀವು ಇಡೀ ದಿನ ಅದನ್ನೇ ಮಾಡುತ್ತಿರುತ್ತೀರಲ್ಲ. "ಅತ್ತೆ, ಹತ್ತೂ ಹತ್ತರವರೆಗೆ ಏಳಕ್ಕಾಗಲ್ಲ, ಯಾರಾದ್ರೂ ಬಂದ್ರೆ ಕೂರಿಸಿ" ಎಂದು ಗಡಿಯಾರದ ಮುಳ್ಳು ತೋರಿಸಿ ಹೇಳಿ. ಹತ್ತೂ ಹತ್ತಕ್ಕೆ ನೀವೂ ಎದ್ದುಬಿಡಿ. ಮಾತು ಉಳಿಸಿಕೊಂಡರೆ ಮಾರನೇ ದಿನವೂ ಆ ನಲವತ್ತು ನಿಮಿಷ ಸಿಗುತ್ತದೆ. ಕುಕ್ಕರ್ ಇಟ್ಟು ವಾಶ್, ಅಂದರೆ ನೀರಾದ ಬಣ್ಣವನ್ನು ಅಗಲಕ್ಕೆ ಎಳೆಯುವ ಕೆಲಸ, ಶುರು ಮಾಡಬಾರದೆಂದು ಬೇರೆ ಹೇಳಬೇಕಿಲ್ಲ. ಸೀಟಿ ಎಣಿಸುವ ಕಿವಿ ಕೈಯನ್ನು ಕೆಡಿಸುತ್ತದೆ.

ಎಷ್ಟೇ ಮಾಡಿದರೂ ಏಳಬೇಕಾಗಿ ಬಂತು ಅನ್ನಿ. ಹಾಳೆ ಇನ್ನೂ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೋರ್ಡನ್ನು ಸಮತಟ್ಟಾಗಿ ಮಲಗಿಸಿ, ಕೆಳ ಅಂಚಿನಲ್ಲಿ ನಿಂತ ನೀರಿನ ಗೆರೆಯನ್ನು ಟಿಶ್ಯೂ ಮೂಲೆಯಿಂದ ಹೀರಿ, ಬಿಟ್ಟು ಹೋಗಿ. ವಾಪಸ್ ಬಂದಾಗ ಹೊಳಪು ಹೋಗಿ ಮಂಕಾಗಿದ್ದರೆ ಕೈ ಹಚ್ಚಲೇಬೇಡಿ. ಅಪಾಯವಿರುವುದು ಇಲ್ಲೇ. ಅಂಗೈಯ ಹಿಂಭಾಗವನ್ನು ಹಾಳೆಯ ಖಾಲಿ ಅಂಚಿಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಒಳಗೆ ತೇವ ಇದೆ ಎಂದರ್ಥ. ತಂಪು ಪೂರ್ತಿ ಹೋದ ಮೇಲೆ ಮೆತ್ತನೆಯ ಅಗಲ ಕುಂಚದಿಂದ ಶುದ್ಧ ನೀರನ್ನು ಒಂದೇ ಸಲ, ಉಜ್ಜದೆ, ಇಡೀ ಆಕಾಶಕ್ಕೆ ಹಚ್ಚಿ ಎರಡನೇ ಪದರ ಕೊಡಿ. ಆಗ ಎಲ್ಲಿ ಬಿಟ್ಟಿದ್ದಿರಿ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಬೇಗ ಆರಲಿ ಎಂದು ತಲೆ ಮೇಲಿನ ಫ್ಯಾನ್ ಹಾಕಿದರೆ ಒಂದು ಕಡೆ ಮೊದಲು ಆರಿ ಗೆರೆ ಬೀಳುತ್ತದೆ. ವಾಶ್ ಮುಗಿದು ಹೊಳಪು ಹೋಗುವವರೆಗೂ ಫ್ಯಾನ್ ಬಂದ್.

ಆರುವ ಹೊತ್ತು ಊರಿನ ಮೇಲೆ, ತಿಂಗಳ ಮೇಲೆ. ಮಾರ್ಚ್‌ನ ಬಳ್ಳಾರಿಯಲ್ಲಿ ಹೊಳಪು ಎರಡು ಮೂರು ನಿಮಿಷಕ್ಕೇ ಹೋಗಬಹುದು, ಜುಲೈನ ಉಡುಪಿಯಲ್ಲಿ ಇಪ್ಪತ್ತು ನಿಮಿಷವಾದರೂ ಹೋಗದಿರಬಹುದು. ಒಣ ಊರಿನವರು ಹಾಳೆಯ ಹಿಂಬದಿಗೂ ನೀರು ಹಚ್ಚಿ ಅಕ್ರಿಲಿಕ್ ಶೀಟಿನ ಮೇಲೆ ಅಂಟಿಸಿಕೊಂಡರೆ ಇನ್ನಷ್ಟು ಹೊತ್ತು ಸಿಗುತ್ತದೆ. ಕರಾವಳಿಯವರಿಗೆ ಹೇರ್ ಡ್ರೈಯರ್ ಬೇಕು. ಹೊಳಪು ಹೋದ ಮೇಲೆ, ಒಂದಡಿ ದೂರದಿಂದ, ಕೈ ಆಡಿಸುತ್ತಾ. ಹೊಳೆಯುವಾಗಲೇ ಊದಿದರೆ ಗಾಳಿ ಬಣ್ಣವನ್ನು ತಳ್ಳುತ್ತದೆ.

ಕಾಗದ, ನೀರು, ಅಡುಗೆಮನೆ

ಮಾರುವ ಚಿತ್ರಕ್ಕೆ 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ), ನೂರಕ್ಕೆ ನೂರು ಹತ್ತಿಯ, ಆಮ್ಲವಿಲ್ಲದ ಕಾಗದವೇ ಇರಲಿ. 22×30 ಇಂಚಿನ ಪೂರ್ತಿ ಹಾಳೆ ಕೊಂಡರೆ 11×15ರ ನಾಲ್ಕು ತುಂಡು ಬರುತ್ತವೆ, ಪ್ಯಾಡ್‌ಗಿಂತ ಅಗ್ಗ. ಮರದ ತಿರುಳಿನ ಅಗ್ಗದ ಕಾಗದವನ್ನು ಬಣ್ಣ ನೋಡಲು, ಮಕ್ಕಳಿಗೆ ಕೊಡಲು ಇಟ್ಟುಕೊಳ್ಳಿ. ಬಣ್ಣ ಕೊಳ್ಳುವಾಗ ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದಿ. ಹಳೇ ಅಲಿಜರಿನ್ ಕ್ರಿಮ್ಸನ್, ಅಂದರೆ ಪಿಆರ್ 83 ಎಂಬ ಸಂಕೇತವಿರುವ ಕೆಂಪು, ಬಿಸಿಲಿಗೆ ಮಾಸುತ್ತದೆ. ಒಪೆರಾ ಪಿಂಕ್‌ನ ಮಿಂಚೂ ಅಷ್ಟೇ. ಅನುಮಾನವಿದ್ದ ಬಣ್ಣವನ್ನು ಪಟ್ಟಿಯಾಗಿ ಎಳೆದು, ಅರ್ಧಕ್ಕೆ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಮೂರು ತಿಂಗಳು ಅಂಟಿಸಿಡಿ. ರಟ್ಟು ತೆಗೆದಾಗ ಎರಡು ಅರ್ಧ ಬೇರೆ ಕಂಡರೆ ಆ ಟ್ಯೂಬ್ ಗ್ರಾಹಕರ ಚಿತ್ರಕ್ಕೆ ಬೇಡ.

ಬೋರ್‌ವೆಲ್ ನೀರು ಗಡುಸಿದ್ದರೆ ಗಾಢ ಬಣ್ಣದ ಮೇಲೆ ಆರಿದ ಮೇಲೆ ಬಿಳಿ ಪುಡಿಯಂಥ ಮಬ್ಬು ಕೂರುವುದುಂಟು. ಕುಡಿಯುವ ಫಿಲ್ಟರ್ ನೀರನ್ನೇ ಬಳಸಿ, ದಿನಕ್ಕೆ ಒಂದು ಲೀಟರ್ ಸಾಕು. ನೀರಿನ ಪಾತ್ರೆ ಎರಡಿರಲಿ: ಒಂದು ಕುಂಚ ತೊಳೆಯಲು, ಇನ್ನೊಂದು ಬಣ್ಣ ಕಲಸಲು. ಅವು ಅಡುಗೆಮನೆಯ ಲೋಟಗಳಾಗಬಾರದು. ಕ್ಯಾಡ್ಮಿಯಂ, ಕೋಬಾಲ್ಟ್ ಬಣ್ಣ ತೊಳೆದ ನೀರನ್ನು ಎರಡು ವರ್ಷದ ಮಗು ಶರಬತ್ತು ಎಂದುಕೊಳ್ಳುವುದು ಸಹಜ. ಅಗಲ ಬಾಯಿಯ ಉಪ್ಪಿನಕಾಯಿ ಗಾಜಿನ ಭರಣಿ ತೆಗೆದುಕೊಂಡು, ಅದರ ಕುತ್ತಿಗೆಗೆ ಕೆಂಪು ದಾರ ಕಟ್ಟಿ, ಮುಚ್ಚಳ ಹಾಕಿಡಿ.

ಅಡುಗೆಮನೆಗೆ ತಾಗಿದ ಗೋಡೆಯಲ್ಲಿ ಕಾಗದದ ಕಪಾಟು ಬೇಡ. ಒಗ್ಗರಣೆಯ ಎಣ್ಣೆ ಹೊಗೆ ಹಾಳೆಯ ಮೇಲೆ ಕಣ್ಣಿಗೆ ಕಾಣದಂತೆ ಕೂರುತ್ತದೆ. ಬಣ್ಣ ಹಚ್ಚಿದಾಗ ಅಲ್ಲಲ್ಲಿ ಕೆಸುವಿನೆಲೆ ಮೇಲಿನ ನೀರಿನಂತೆ ಹನಿಹನಿಯಾಗಿ ನಿಲ್ಲುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈಯೂ ಅದೇ ಕೆಲಸ ಮಾಡುತ್ತದೆ. ರೇಖೆ ಹಾಕುವಾಗ ಅಂಗೈ ಕೆಳಗೆ ಒಂದು ಖಾಲಿ ಹಾಳೆ ಇರಲಿ. ಮಳೆಗಾಲದ ತೊಂದರೆ ಬೇರೆ ಬಗೆಯದು: ಕಾಗದಕ್ಕೆ ಕೊಟ್ಟಿರುವ ಸರೇಸಿನಂಥ ಲೇಪ ತೇವಕ್ಕೆ ಕೆಟ್ಟರೆ ಹಾಳೆ ಒತ್ತುಕಾಗದದಂತೆ ಬಣ್ಣ ಹೀರಿಕೊಂಡು ಚುಕ್ಕೆ ಚುಕ್ಕೆ ಆಗುತ್ತದೆ. ಅದು ಮತ್ತೆ ಸರಿಹೋಗದು, ಅಂಥ ಹಾಳೆಯನ್ನು ಮಕ್ಕಳ ಪಾಲಿಗೆ ಬಿಡಿ. ಮೇ ಕೊನೆಗೇ ಹಾಳೆಗಳನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ನೆಲದಿಂದ ಮೇಲೆ ಇಡಿ. ಜೇನು ಬೆರೆಸಿದ ಬಣ್ಣದ ಪ್ಯಾಲೆಟ್ ತೆರೆದಿಟ್ಟರೆ ಬೆಳಗ್ಗೆ ಇರುವೆ ಸಾಲು ಸಿದ್ಧ.

ಒಂದು ಆರ್ಡರ್: ಊರಿನ ಹಳೇ ಮನೆ

ಉಡುಗೊರೆಗೆಂದು ಹೆಚ್ಚು ಕೇಳುವ ಚಿತ್ರಗಳಲ್ಲಿ ಇದೊಂದು. ಮಾರಿದ ಅಥವಾ ಕೆಡವಿದ ತೊಟ್ಟಿ ಮನೆಯನ್ನು ಹೊಸ ಮನೆಯ ಗೃಹಪ್ರವೇಶಕ್ಕೆ ಬರೆಸುತ್ತಾರೆ. ಸಿಗುವ ಫೋಟೋ ಮಾತ್ರ ಮದುವೆ ಆಲ್ಬಂನ ಮೂಲೆಯದು, ಅರ್ಧ ಮನೆ ಚಪ್ಪರದ ಹಿಂದೆ. ಒಪ್ಪಿಕೊಳ್ಳುವ ಮೊದಲೇ ಕೇಳಿ: ಜಗುಲಿಗೆ ಎಷ್ಟು ಕಂಬ, ಮೆಟ್ಟಿಲು ಎಡಕ್ಕೋ ಬಲಕ್ಕೋ, ಬಾಗಿಲ ಬಣ್ಣ ಯಾವುದು, ತುಳಸಿಕಟ್ಟೆ ಎಲ್ಲಿತ್ತು. ಇದನ್ನು ಮನೆಯ ಹಿರಿಯರೊಬ್ಬರ ಬಳಿಯೇ ಫೋನಿನಲ್ಲಿ ಕೇಳುವುದು ಒಳ್ಳೆಯದು. ಆರ್ಡರ್ ಕೊಟ್ಟ ಮಗನಿಗೆ ಕಂಬ ನಾಲ್ಕೋ ಆರೋ ನೆನಪಿರುವುದಿಲ್ಲ, ಚಿತ್ರ ಕೈಗೆ ಬಂದ ದಿನ ದೊಡ್ಡಮ್ಮ ಎಣಿಸುತ್ತಾರೆ.

ಮೊದಲು ಪೆನ್ಸಿಲ್ ರೇಖೆ ಕಳಿಸಿ ಒಪ್ಪಿಗೆ ಪಡೆಯಿರಿ. ನಂತರ ಅಂಗೈಯಗಲದ ಬಣ್ಣದ ಮಾದರಿ. ಆಮೇಲೆ ಅಸಲಿ. ಹೀಗೊಂದು ಸಂದೇಶ ಮೊದಲೇ ಹೋಗಲಿ: "ಅರ್ಧ ಹಣ ಬಂದ ಮೇಲೆ ಕೆಲಸ ಶುರು. ರೇಖೆಯಲ್ಲಿ ಎರಡು ಸಲ ತಿದ್ದುಪಡಿ ಮಾಡಿಕೊಡುತ್ತೇನೆ. ಬಣ್ಣ ಹಾಕಿದ ಮೇಲೆ ಬದಲಾವಣೆ ಸಾಧ್ಯವಿಲ್ಲ, ಜಲವರ್ಣ ಅಳಿಸಲು ಬರುವುದಿಲ್ಲ. ಉಳಿದ ಹಣ, ನಾನು ಚಿತ್ರ ಕಳಿಸುವ ಮೊದಲು ಬರಬೇಕು." ಇದರ ಜೊತೆ ಇನ್ನೊಂದು ಸಾಲು ಸೇರಿಸುವುದನ್ನು ಬಹಳ ಜನ ಮರೆಯುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಹಣ ಕೊಟ್ಟು ಬರೆಸಿಕೊಂಡ ಚಿತ್ರದ ಕೃತಿಸ್ವಾಮ್ಯ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವರದ್ದು. ಅದೇ ಚಿತ್ರವನ್ನು ಮುಂದೆ ಶುಭಾಶಯ ಪತ್ರ, ಪ್ರಿಂಟ್ ಮಾಡಿ ಮಾರುವ ಆಸೆ ಇದ್ದರೆ "ಕೃತಿಸ್ವಾಮ್ಯ ಕಲಾವಿದರಲ್ಲೇ ಉಳಿಯುತ್ತದೆ" ಎಂದು ಬರಹದಲ್ಲಿ ಒಪ್ಪಿಗೆ ಪಡೆದಿರಬೇಕು.

ಕಳಿಸುವ ಮೊದಲು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ. ಎ4 ಸ್ಕ್ಯಾನರ್ ಆದರೆ ಚಿತ್ರವನ್ನು ತುಂಡು ತುಂಡಾಗಿ, ಅಕ್ಕಪಕ್ಕದ ತುಂಡುಗಳ ಅಂಚು ಎರಡು ಇಂಚು ಒಂದರ ಮೇಲೊಂದು ಬೀಳುವಂತೆ ಸ್ಕ್ಯಾನ್ ಮಾಡಿ ಜೋಡಿಸಿ. ತೆಳು ವಾಶ್ ಸ್ಕ್ಯಾನಿನಲ್ಲಿ ಮಾಯವಾಗುತ್ತದೆ, ಅಸಲನ್ನು ಪಕ್ಕದಲ್ಲಿಟ್ಟುಕೊಂಡೇ ಸರಿಪಡಿಸಿ.

ಪ್ಯಾಕಿಂಗ್: ಚಿತ್ರದ ಮೇಲೆ ಬಟರ್ ಪೇಪರ್, ಅದರ ಮೇಲೆ ಪಾರದರ್ಶಕ ಕವರ್, ಹಿಂದೆ ಮುಂದೆ ಒಂದೊಂದು ಕಾರ್ಡ್‌ಬೋರ್ಡ್. ಎರಡು ಬೋರ್ಡಿನ ಒಳಗೆರೆಗಳು ಒಂದು ಅಡ್ಡ, ಒಂದು ಉದ್ದ ಇರಬೇಕು. ಒಂದೇ ದಿಕ್ಕಿನಲ್ಲಿದ್ದರೆ ಆ ಗೆರೆಗುಂಟ ಮಡಚಿಹೋಗುತ್ತದೆ. ಬೋರ್ಡ್ ಚಿತ್ರಕ್ಕಿಂತ ಸುತ್ತಲೂ ಒಂದಿಂಚು ದೊಡ್ಡದಿರಲಿ, ಮೂಲೆ ಜಜ್ಜಿದರೆ ಬೋರ್ಡಿನದ್ದೇ ಜಜ್ಜಲಿ.

ಬೆಲೆ ಮತ್ತು ನೆಂಟರು

11×15ರ ಒಂದು ಮನೆ ಚಿತ್ರದ ಲೆಕ್ಕ ನೋಡಿ. ಕಾಗದ 200 ರೂಪಾಯಿ, ಬಣ್ಣ ಇತ್ಯಾದಿ 100, ಪ್ಯಾಕಿಂಗ್ 120. ರೇಖೆಗೆ ಎರಡು ಗಂಟೆ, ಒದ್ದೆ ಕೆಲಸಕ್ಕೆ ಮೂರು, ವಿವರಗಳಿಗೆ ಎರಡು. ಫೋನು, ವಾಟ್ಸ್ಯಾಪ್, ಪ್ಯಾಕಿಂಗ್, ಕೊರಿಯರ್ ಅಂಗಡಿಗೆ ಓಡಾಟ ಸೇರಿ ಇನ್ನೆರಡು. ಒಂಬತ್ತು ಗಂಟೆಗೆ ತಲಾ 250ರಂತೆ 2250. ಒಟ್ಟು 2670. ಐದರಲ್ಲಿ ಒಂದು ಹಾಳೆ ಕೆಡುವುದು ಮಾಮೂಲು ಎಂದು ಐದನೇ ಒಂದು ಭಾಗ ಸೇರಿಸಿದರೆ 3200. ಕೊರಿಯರ್ ಬೇರೆ. ನಿಮ್ಮ ಅಂಕಿಗಳು ಬೇರೆಯಿರಬಹುದು, ಆದರೆ ಕೊನೆಯ ಆ ಎರಡು ಗಂಟೆ ಮತ್ತು ಕೆಟ್ಟ ಹಾಳೆ ಬಿಟ್ಟುಹೋದರೆ ವರ್ಷದ ಕೊನೆಗೆ ಕೈಯಲ್ಲಿ ಏನೂ ಉಳಿಯದು.

ನೆಂಟರಿಗೆ ಪುಕ್ಕಟೆ ಬರೆದುಕೊಡುವ ವಿಷಯದಲ್ಲಿ ನಿಷ್ಠುರ ಬೇಡ, ಲೆಕ್ಕ ಬೇಕು. ವರ್ಷಕ್ಕೆ ಮೂರು ಅಸಲಿ ಚಿತ್ರ ಉಡುಗೊರೆಗೆ ಎಂದು ಗಂಡ ಹೆಂಡತಿ ಯುಗಾದಿಗೇ ಕೂತು ತೀರ್ಮಾನಿಸಿ, ಅದು ಮುಗಿದ ಮೇಲೆ ಫ್ರೇಮ್ ಹಾಕಿದ ಪ್ರಿಂಟ್ ಕೊಡಿ. ಸೋದರತ್ತೆಗೂ ಬೇಸರವಿಲ್ಲ.

ವ್ಯಾಪಾರದ ದುಡ್ಡಿಗೆ ಬೇರೆ ಖಾತೆ, ಬೇರೆ ಯುಪಿಐ. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ತಮ್ಮ ಕಳಿಸಿದ ಬಾಡಿಗೆ ಪಾಲು, ಚೀಟಿ ಹಣ, ಮಾರಾಟ ಎಲ್ಲ ಒಂದೇ ಖಾತೆಯಲ್ಲಿ ಇದ್ದವರಿಗೆ ಬಿಡಿಸಿ ಹೇಳುವುದೇ ಕಷ್ಟವಾಯಿತು. ಬರೀ ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ಜೊತೆಗೆ ಚಿತ್ರಕಲೆ ತರಗತಿಯನ್ನೂ ನಡೆಸಿದರೆ ಅದು ಸೇವೆ, ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಹೊರರಾಜ್ಯಕ್ಕೆ ಕಳಿಸುವವರ ನಿಯಮ ಬೇರೆ, ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿ.

ಪಂಚಾಂಗ ಮತ್ತು ಚಿತ್ರಸಂತೆ

ಆಷಾಢದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಆದ್ದರಿಂದ ಆರ್ಡರೂ ಇಲ್ಲ. ನಿಧಾನಕ್ಕೆ ಆರುವ ಆ ತೇವದ ತಿಂಗಳು ಒದ್ದೆ ಮೇಲೆ ಒದ್ದೆ ಹಚ್ಚುವ ಮಂಜು, ಮಳೆ, ಕಾಡಿನ ಚಿತ್ರಗಳಿಗೆ ಹೇಳಿಮಾಡಿಸಿದ್ದು. ಸ್ಟಾಕ್ ಆಗ ಬೆಳೆಯಲಿ. ಶ್ರಾವಣ ಬಂದರೆ ಮತ್ತೆ ಗ್ರಾಹಕರು. ಗೌರಿ ಹಬ್ಬದ ವಾರ, ದೀಪಾವಳಿಯ ವಾರ ಯಾರಿಗೂ ಮಾತು ಕೊಡಬೇಡಿ. ಮನೆ ತುಂಬ ಜನ, ನಲವತ್ತು ನಿಮಿಷ ಎಲ್ಲಿಂದ ಬರಬೇಕು?

ಡಿಸೆಂಬರ್ ನಡುವಿನಿಂದ ಧನುರ್ಮಾಸ, ಮತ್ತೆ ಶುಭಕಾರ್ಯವಿಲ್ಲ. ಸರಿಯಾಗಿ ಆಗಲೇ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ, ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ. 2025ರ 22ನೇ ಸಂತೆ ಜನವರಿ 5ಕ್ಕೆ ನಡೆಯಿತು. ಅರ್ಜಿ ತಿಂಗಳುಗಳ ಮೊದಲೇ ಹಾಕಬೇಕು. ಒಬ್ಬರೇ ಹೋಗಬೇಡಿ. ಒಬ್ಬರು ಮಾತಾಡಲು, ಒಬ್ಬರು ಪ್ಯಾಕ್ ಮಾಡಿ ದುಡ್ಡು ನೋಡಲು, ಮಕ್ಕಳು ಅಜ್ಜಿಮನೆಯಲ್ಲಿ. ಬೆಲೆ ಮೆಟ್ಟಿಲಿನಂತಿರಲಿ: 50ರ ಬುಕ್‌ಮಾರ್ಕ್, 200ರ ಪ್ರಿಂಟ್, 1500ರ ಸಣ್ಣ ಅಸಲಿ, ದೊಡ್ಡವು ಮೂರೋ ನಾಲ್ಕೋ ಕಣ್ಣಿಗೆ ಬೀಳಲು. ಪ್ರತಿಯೊಂದಕ್ಕೂ ಬೆಲೆ ಕಾಣುವಂತೆ ಬರೆದಿರಲಿ, ಕೇಳಲು ನಾಚಿ ಹೋಗುವವರೇ ಹೆಚ್ಚು. ಎರಡು ಡಜನ್ ಬಟ್ಟೆ ಕ್ಲಿಪ್, ಹತ್ತು ಇಪ್ಪತ್ತರ ಚಿಲ್ಲರೆ ಸಾವಿರ ರೂಪಾಯಿಯಷ್ಟು, ಜನದಟ್ಟಣೆಗೆ ನೆಟ್‌ವರ್ಕ್ ಕೈಕೊಟ್ಟರೆ ಎಂದು ಬೇರೆ ಕಂಪನಿಯ ಸಿಮ್ ಇರುವ ಇನ್ನೊಂದು ಫೋನು. ಹನ್ನೊಂದರ ನಂತರ ಬಿಸಿಲು ಮರದ ಸಂದಿಯಿಂದ ನೇರ ಚಿತ್ರದ ಮೇಲೆ ಬೀಳುತ್ತದೆ, ಬಿಳಿ ಪಂಚೆಯೊಂದನ್ನು ಮರೆಗೆ ಒಯ್ಯಿರಿ.

ರಾತ್ರಿ ಮನೆಗೆ ಬಂದು ಉಳಿದವನ್ನು ಹಾಗೇ ಡಬ್ಬಿಗೆ ತುಂಬಬಾರದು. ಕವರ್‌ಗಳ ಒಳಗೆ ದಿನವಿಡೀ ಬಿಸಿಲಿಗೆ ಬೆವರಿದ ತೇವ ಇರುತ್ತದೆ. ಕವರ್ ಬಿಚ್ಚಿ, ಹಾಲ್‌ನಲ್ಲಿ ಚಾಪೆ ಹಾಸಿ, ಒಂದು ರಾತ್ರಿ ಹರಡಿಡಿ. ಬೆಳಗ್ಗೆ ಹಾಲಿನವನು ಬರುವ ಮೊದಲು ಎತ್ತಿಡಿ.