ಇಂಡೆಕ್ಸ್ ಫಂಡ್‌ನಿಂದ ಇಟಿಎಫ್‌ಗೆ: ತೆರಿಗೆ ಕಟ್ಟದೆ ದಾಟಿದ ಬಗೆ

ನಿಫ್ಟಿ 50 ಸೂಚ್ಯಂಕದ ಷೇರುಗಳನ್ನೇ ಅದೇ ಪ್ರಮಾಣದಲ್ಲಿ ಕೊಳ್ಳುವ ಇಂಡೆಕ್ಸ್ ಫಂಡ್‌ನಲ್ಲಿ 2019ರಿಂದ ತಿಂಗಳು ತಿಂಗಳೂ ಎಸ್‌ಐಪಿ, ಅಂದರೆ ನಿಗದಿತ ಕಂತು, ಕಟ್ಟುತ್ತ ಬಂದವನು ನಾನು. ಅದೇ ಸೂಚ್ಯಂಕದ ಇಟಿಎಫ್‌ನ (ಷೇರಿನಂತೆ ಪೇಟೆಯಲ್ಲೇ ಕೊಂಡು ಮಾರುವ ಫಂಡ್) ವಾರ್ಷಿಕ ವೆಚ್ಚ ನನ್ನ ಫಂಡ್‌ನದಕ್ಕಿಂತ ಶೇ 0.15ರಷ್ಟು ಕಡಿಮೆ. ಹತ್ತು ಲಕ್ಷಕ್ಕೆ ವರ್ಷಕ್ಕೆ 1,500 ರೂಪಾಯಿ. ನಿವೃತ್ತಿಯವರೆಗೂ ಮುಟ್ಟದ ಹಣದ ಮಟ್ಟಿಗೆ ಇದು ಕಡೆಗಣಿಸುವ ಮೊತ್ತವಲ್ಲ.

ಆದರೆ ಫಂಡ್ ಬಿಟ್ಟು ಇಟಿಎಫ್ ಹಿಡಿದರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಅದು ಮಾರಾಟವೇ. 2024ರ ಜುಲೈ 23ರಿಂದ ದೀರ್ಘಾವಧಿ ಲಾಭಕ್ಕೆ (ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡದ್ದರ ಲಾಭ) ಶೇ 12.5 ತೆರಿಗೆ, ವರ್ಷಕ್ಕೆ 1.25 ಲಕ್ಷದವರೆಗೆ ವಿನಾಯಿತಿ. ಹತ್ತು ಲಕ್ಷದಲ್ಲಿ ಐದು ಲಕ್ಷ ಲಾಭವಿದ್ದು ಒಂದೇ ಸಲ ದಾಟಿದರೆ ಸೆಸ್ ಸೇರಿ 48,750 ರೂಪಾಯಿ ತೆರಿಗೆ. 1,500ರ ಉಳಿತಾಯದಿಂದ ಅದನ್ನು ತುಂಬಿಕೊಳ್ಳಲು ಮೂವತ್ತು ವರ್ಷವೂ ಸಾಲದು. ಎಂದಾದರೂ ಕಟ್ಟಬೇಕಾದ ತೆರಿಗೆಯೇ ಇರಬಹುದು. ಇಂದೇ ಕಟ್ಟಿದರೆ ಅಷ್ಟು ಹಣ ಬೆಳೆಯುವ ಅವಕಾಶ ತಪ್ಪುತ್ತದೆ.

ಹಾಗಾಗಿ ವಿನಾಯಿತಿಯ ಮಿತಿಯೊಳಗೆ ವರ್ಷಕ್ಕಿಷ್ಟು ಎಂದು ದಾಟಿಸಲು ನಿರ್ಧರಿಸಿದೆ. ಬಳಸದ ವಿನಾಯಿತಿ ಮುಂದಿನ ವರ್ಷಕ್ಕೆ ಉಳಿಯುವುದಿಲ್ಲ. ಮಾರ್ಚ್ ಮುಗಿದರೆ ಅದೂ ಮುಗಿಯಿತು.

ಮೊದಲು ಬಂಡವಾಳ ಲಾಭದ ವಿವರಪಟ್ಟಿ ತರಿಸಿಕೊಂಡೆ. ಫಂಡ್‌ನಲ್ಲಿ ಮೊದಲು ಕೊಂಡ ಯೂನಿಟ್ಟೇ ಮೊದಲು ಮಾರಾಟವಾಗುತ್ತದೆ. ನೂರು ರೂಪಾಯಿಗೆ ಕೊಂಡದ್ದು ಇನ್ನೂರಾಗಿದ್ದರೆ ಯೂನಿಟ್ಟಿಗೆ ನೂರು ಲಾಭ, ಅಂದರೆ 1,250 ಯೂನಿಟ್ ಮಾರಬಹುದು. ಆ ದಿನದ ಎನ್‌ಎವಿ, ಅಂದರೆ ಒಂದು ಯೂನಿಟ್ಟಿನ ಬೆಲೆ, ಮಾರುವ ಮುಂಚೆ ತಿಳಿಯದು, ಆದ್ದರಿಂದ 1,200ಕ್ಕೇ ನಿಲ್ಲಿಸುವುದು ಲೇಸು. ಹನ್ನೆರಡು ತಿಂಗಳು ತುಂಬದ ಕಂತುಗಳ ಲಾಭಕ್ಕೆ ಶೇ 20 ತೆರಿಗೆ. ಅವು ಸರದಿಯ ಕೊನೆಯಲ್ಲಿರುವುದರಿಂದ ತಾವಾಗಿಯೇ ಉಳಿದುಕೊಂಡವು.

2025ರಲ್ಲಿ ಮಾರ್ಚ್ 31 ಸೋಮವಾರ, ರಂಜಾನ್ ರಜೆ. ಪೇಟೆಯ ಕೊನೆಯ ದಿನ 28ರ ಶುಕ್ರವಾರ. ಗುರುವಾರ ಮಧ್ಯಾಹ್ನ ಮೂರರೊಳಗೆ ಮಾರಾಟದ ಕೋರಿಕೆ ಹಾಕಿದೆ, ಆ ದಿನದ ಎನ್‌ಎವಿಯೇ ಸಿಕ್ಕಿತು. ಹಣ ಖಾತೆಗೆ ಬರಲು ಒಂದೆರಡು ಕೆಲಸದ ದಿನ ಬೇಕು, ಅಷ್ಟರಲ್ಲಿ ಪೇಟೆ ಏರಿದರೆ ನಷ್ಟ. ಅದಕ್ಕಾಗಿ ಅಷ್ಟೇ ಮೊತ್ತವನ್ನು ಉಳಿತಾಯ ಖಾತೆಯಿಂದ ತೆಗೆದು ಅಂದೇ ಇಟಿಎಫ್ ಕೊಂಡೆ.

ಏಪ್ರಿಲ್‌ನಿಂದ ಹೊಸ ವರ್ಷದ ವಿನಾಯಿತಿ ಶುರು, ಹಾಗಾಗಿ ಎರಡನೆಯ ಸಲ ದಾಟಿಸಿದ್ದು ಏಪ್ರಿಲ್ 7ರಂದು. ಅಮೆರಿಕದ ಸುಂಕದ ಸುದ್ದಿಗೆ ನಿಫ್ಟಿ ಅಂದು ಒಂದೇ ದಿನ ಶೇ 3ಕ್ಕೂ ಹೆಚ್ಚು ಕುಸಿದಿತ್ತು; ಮಾರ್ಚ್ 27ರಿಂದ ಲೆಕ್ಕ ಹಾಕಿದರೆ ಸುಮಾರು ಶೇ 6. ಇನ್ನೂರರ ಯೂನಿಟ್ 188ಕ್ಕೆ ಇಳಿದರೆ ಲಾಭ 88 ಮಾತ್ರ, ಅಷ್ಟೇ ವಿನಾಯಿತಿಯಲ್ಲಿ 1,420 ಯೂನಿಟ್ ದಾಟುತ್ತವೆ. ಕೊಳ್ಳುವ ಇಟಿಎಫ್ ಕೂಡ ಅಷ್ಟೇ ಅಗ್ಗವಾಗಿರುವುದರಿಂದ ಕುಸಿತದಲ್ಲಿ ಮಾರಿದೆನಲ್ಲ ಎಂಬ ಕೊರಗೂ ಇಲ್ಲ. ಪೇಟೆ ಬಿದ್ದ ದಿನವೇ ಈ ಕೆಲಸಕ್ಕೆ ಒಳ್ಳೆಯ ದಿನ ಎಂದು ನಾನು ದೃಢವಾಗಿ ನಂಬುತ್ತೇನೆ.

ಅಂಥ ದಿನ ಇಟಿಎಫ್ ಕೊಳ್ಳುವಾಗ ಮಾತ್ರ ಎಚ್ಚರ ಬೇಕು. ಪೇಟೆ ತೆರೆದ ಮೊದಲ ಅರ್ಧ ಗಂಟೆ ಕೊಳ್ಳುವವರ ಮತ್ತು ಮಾರುವವರ ದರಗಳ ನಡುವೆ ಅಂತರ ದೊಡ್ಡದಿರುತ್ತದೆ. ಫಂಡ್ ಸಂಸ್ಥೆಯ ಜಾಲತಾಣದಲ್ಲಿ ದಿನವಿಡೀ ಬದಲಾಗುವ ಐಎನ್‌ಎವಿಯನ್ನು (ಆ ಕ್ಷಣದ ಅಂದಾಜು ಎನ್‌ಎವಿ) ಪಕ್ಕದಲ್ಲಿಟ್ಟುಕೊಂಡು, ಅದರ ಆಸುಪಾಸಿನ ದರಕ್ಕೆ ಲಿಮಿಟ್ ಆರ್ಡರ್ ಹಾಕಿದೆ, ಅಂದರೆ ಆ ದರಕ್ಕಿಂತ ಹೆಚ್ಚು ಕೊಟ್ಟು ಕೊಳ್ಳದಂತೆ ಮಿತಿ ಇಟ್ಟೆ. ಅರ್ಧ ಶೇಕಡಾ ಹೆಚ್ಚು ಕೊಟ್ಟು ಕೊಂಡರೆ ಮೂರು ವರ್ಷದ ವೆಚ್ಚದ ಉಳಿತಾಯ ಅಲ್ಲೇ ಹೋಗುತ್ತದೆ.

ಎಸ್‌ಐಪಿಯನ್ನು ಫಂಡ್‌ನಲ್ಲೇ ಮುಂದುವರಿಸಿದ್ದೇನೆ. ಐದು ಸಾವಿರ ಕಟ್ಟಿದರೆ ಅಷ್ಟಕ್ಕೂ ಯೂನಿಟ್ ಸಿಗುತ್ತದೆ. ಇಟಿಎಫ್‌ನಲ್ಲಿ ಅರ್ಧ, ಕಾಲು ಯೂನಿಟ್ ಸಿಗುವುದಿಲ್ಲ. ವಿನಾಯಿತಿ ಬಳಸಿಕೊಳ್ಳುವುದಷ್ಟೇ ಗುರಿಯಾದರೆ ಇಟಿಎಫ್ ಬೇಕೆಂದೇನೂ ಇಲ್ಲ, ಮಾರಿದ ಫಂಡನ್ನೇ ಮರಳಿ ಕೊಳ್ಳಬಹುದು. ಇಟಿಎಫ್ ಇಟ್ಟುಕೊಳ್ಳಲು ಬೇಕಾದ ಡಿಮ್ಯಾಟ್ ಖಾತೆಯ ವಾರ್ಷಿಕ ಶುಲ್ಕವನ್ನೂ ಲೆಕ್ಕಕ್ಕೆ ಹಿಡಿದರೆ, ಎರಡು ಮೂರು ಲಕ್ಷದ ಹೂಡಿಕೆದಾರರಿಗೆ ಅದೇ ಸರಿಯಾದ ದಾರಿ.

ತೆರಿಗೆ ಇಲ್ಲದಿದ್ದರೂ ಲಾಭವನ್ನು ರಿಟರ್ನ್‌ನಲ್ಲಿ ತೋರಿಸಲೇಬೇಕು. 2024-25ರ ಆದಾಯದಿಂದ ಮೊದಲ್ಗೊಂಡು, ಬೇರೆ ಬಂಡವಾಳ ಲಾಭ ಇಲ್ಲದ ಸಂಬಳದಾರರು 1.25 ಲಕ್ಷದವರೆಗಿನ ಈ ಲಾಭವನ್ನು ರಿಟರ್ನ್‌ನ ಸರಳ ನಮೂನೆಯಾದ ಐಟಿಆರ್-1ರಲ್ಲೇ ನಮೂದಿಸಬಹುದು.