ವಿಡಿಯೋ ಗೇಮ್ ಒಳಗೆ ಬಿದ್ದ ಮಕ್ಕಳು: ನಾವು ಅದನ್ನು ನಾಟಕ ಮಾಡಿದ್ದು ಹೀಗೆ

ನಾಲ್ಕು ಮಕ್ಕಳು ವಿಡಿಯೋ ಗೇಮ್ ಒಳಗೆ ಸಿಕ್ಕಿಹಾಕಿಕೊಳ್ಳುವ ನಾಟಕ ಆಡಬೇಕು ಅಂತ ನಮ್ಮ ತಂಡದ ಹುಡುಗರು ಹಠ ಹಿಡಿದರು. ನನಗೂ ಆಸೆಯಾಯಿತು. ಅವತ್ತು ರಾತ್ರಿಯೇ 2017ರ ‘ಜುಮಾಂಜಿ: ವೆಲ್‌ಕಮ್ ಟು ದಿ ಜಂಗಲ್’ ಸಿನಿಮಾ ಹಾಕಿಕೊಂಡು, ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು ಕೂತೆ. ಆ ಕಥೆ ನಮಗೆ ಬೇಕಿರಲಿಲ್ಲ. ಅದು ಎಲ್ಲೆಲ್ಲಿ ನಗಿಸುತ್ತದೆ, ಯಾಕೆ ನಗಿಸುತ್ತದೆ ಅನ್ನೋದು ಬೇಕಿತ್ತು.

1995ರ ಮೊದಲ ‘ಜುಮಾಂಜಿ’ಯಲ್ಲಿ ಕಾಡು ಮನೆಯೊಳಗೆ ನುಗ್ಗುತ್ತದೆ. ಅದು ಬೋರ್ಡ್ ಗೇಮ್, ದಾಳ ಉರುಳಿಸಿದರೆ ಸಾಕು, ಪ್ರಾಣಿಗಳು ಹೊರಗೆ ಬರುತ್ತವೆ. 2017ರಲ್ಲಿ ನಿರ್ದೇಶಕ ಜೇಕ್ ಕಾಸ್ಡನ್ ಅದನ್ನು ತಿರುಗಿಸಿದರು. ಇಲ್ಲಿ ಮಕ್ಕಳೇ ಕಾಡಿನೊಳಗೆ ಹೋಗುತ್ತಾರೆ, ಅದೂ ಬೇರೆಯವರ ಮೈಯಲ್ಲಿ. ಅಂಜುಬುರುಕ ಸ್ಪೆನ್ಸರ್‌ಗೆ ನಟ ಡ್ವೇನ್ ಜಾನ್ಸನ್‌ನ ಕಟ್ಟುಮಸ್ತಾದ ಮೈ. ಸದಾ ಫೋನ್ ಹಿಡಿದಿರುವ ಬೆಥನಿ ಕಣ್ಣು ಬಿಟ್ಟರೆ ಜ್ಯಾಕ್ ಬ್ಲ್ಯಾಕ್ ಆಗಿರುತ್ತಾಳೆ, ಗಡ್ಡದ ನಡುವಯಸ್ಸಿನ ಪ್ರೊಫೆಸರ್! ಕಾಡು, ಘೇಂಡಾಮೃಗ, ಹೆಲಿಕಾಪ್ಟರ್ ಎಲ್ಲ ಇದೆ. ಆದರೆ ಎರಡನೇ ಸಲ ನೋಡುವಾಗ ನನ್ನ ಕಣ್ಣು ನಟರ ಕೈಗಳ ಮೇಲೇ ಇತ್ತು. ಜ್ಯಾಕ್ ಬ್ಲ್ಯಾಕ್ ಹೆಣ್ಣುಮಗಳನ್ನು ಅಣಕಿಸುವುದಿಲ್ಲ. ಆ ಒಬ್ಬ ಹುಡುಗಿಯಾಗಿಯೇ ನಿಲ್ಲುತ್ತಾರೆ. ಎಷ್ಟು ದೊಡ್ಡ ವ್ಯತ್ಯಾಸ ಅಲ್ವಾ?

ನಮ್ಮ ತಾಲೀಮು ಶುರುವಾಗಿದ್ದೇ ಅಲ್ಲಿಂದ. ನಾಲ್ಕು ಜನ ಹುಡುಗರು, ಅವರ ಗೇಮ್ ಪಾತ್ರಗಳಾಗಿ ನಾಲ್ಕು ಜನ ದೊಡ್ಡವರು. ಮೊದಲ ವಾರ ದೊಡ್ಡವರಿಗೆ ಡೈಲಾಗೇ ಕೊಡಲಿಲ್ಲ. ‘ಸುಮ್ನೆ ಕೂತು ನಿಮ್ಮ ಹುಡುಗನನ್ನು ನೋಡಿ’ ಅಂದೆ. ಬಾಗಿಲಲ್ಲಿ ಹೇಗೆ ಬರುತ್ತಾನೆ, ಬೈದರೆ ಎಲ್ಲಿ ನೋಡುತ್ತಾನೆ, ನೀರು ಕುಡಿಯುವಾಗ ಯಾವ ಕೈ. ಒಬ್ಬ ಹದಿನೈದರ ಹುಡುಗನಿಗೆ ಒಂದು ಅಭ್ಯಾಸವಿತ್ತು. ಯಾರಾದರೂ ಮಾತಾಡಿಸಿದರೆ ತುಂಬುತೋಳಿನ ಅಂಗಿಯ ತುದಿಯನ್ನು ಬೆರಳುಗಳ ಮೇಲೆ ಎಳೆದುಕೊಂಡು ಮುಷ್ಟಿ ಹಿಡಿಯುತ್ತಿದ್ದ. ಅವನ ಗೇಮ್ ಪಾತ್ರ ಆಡುತ್ತಿದ್ದವರು ಆರಡಿ ಎತ್ತರದ, ಅಗಲ ಭುಜದ ನಟ. ಅವರಿಗೆ ಕೊಟ್ಟಿದ್ದು ತೋಳಿಲ್ಲದ ಯೋಧನ ಅಂಗಿ. ಮೂರನೇ ದಿನ ಅವರು ಎದ್ದು ನಿಂತು, ಬರಿ ಮೊಣಕೈ ಮೇಲೆ ಇಲ್ಲದ ಬಟ್ಟೆಯನ್ನು ಹುಡುಕಿ, ಎಳೆದು, ಬೆರಳು ಮುಚ್ಚಿಕೊಂಡರು. ಇಡೀ ಕೋಣೆ ನಕ್ಕಿತು. ಆ ಹುಡುಗ ಮಾತ್ರ ಬೆರಗಾಗಿ ಕೇಳಿದ, ‘ಸರ್, ನಾನು ಹಾಗೆ ಮಾಡ್ತೀನಾ?’

ಆಮೇಲೆ ಅವನ ಹತ್ತಿರ ಕೂತು ಕೇಳಿದೆ, ‘ಇದನ್ನು ನಾಟಕದಲ್ಲಿ ಇಟ್ಕೊಳ್ಳೋಣವೇನೋ? ಬೇಡ ಅಂದ್ರೆ ಬೇಡ.’ ಒಂದು ದಿನ ಯೋಚಿಸಿ ಒಪ್ಪಿಕೊಂಡ. ಮಕ್ಕಳ ಜೊತೆ ಇಂಥ ಕೆಲಸ ಮಾಡುವವರು ಈ ಮಾತನ್ನು ಕೇಳಲೇಬೇಕು. ಅದು ಅವನ ಮೈ, ಅವನ ಸಂಕೋಚ.

ಇನ್ನು ಗೇಮ್‌ನ ನಿಯಮಗಳು. ನಮ್ಮ ಮೊದಲ ಸ್ಕ್ರಿಪ್ಟ್‌ನಲ್ಲಿ ಹನ್ನೊಂದು ನಿಯಮ ಇದ್ದವು. ಓದುವಾಗಲೇ ನಾವೇ ದಾರಿ ತಪ್ಪಿದೆವು. ಸಿನಿಮಾದಲ್ಲಿ ಮುಖ್ಯವಾದವು ಕೆಲವೇ. ಒಬ್ಬೊಬ್ಬರಿಗೆ ಮೂರು ಜೀವ, ಮಣಿಕಟ್ಟಿನ ಮೇಲೆ ಮೂರು ಗೆರೆ. ಎದೆ ಮುಟ್ಟಿಕೊಂಡರೆ ಶಕ್ತಿ ಮತ್ತು ದೌರ್ಬಲ್ಯಗಳ ಪಟ್ಟಿ. ಕೆವಿನ್ ಹಾರ್ಟ್‌ನ ಪಾತ್ರದ ದೌರ್ಬಲ್ಯಗಳಲ್ಲಿ ಕೇಕ್ ಅಂತಲೂ ಇರುತ್ತದೆ. ಓದಿದಾಗ ನಗು ಬರುತ್ತದೆ, ಆಮೇಲೆ ಮರೆತೂ ಹೋಗುತ್ತದೆ. ಸಂತೆಯಲ್ಲಿ ಅವನು ಕೇಕ್ ತಿಂದು ಢಮಾರ್ ಅಂದಾಗ ಆ ಪಟ್ಟಿ ನೆನಪಾಗುತ್ತದೆ. ಮೊದಲೇ ತೋರಿಸಿ ಇಟ್ಟಿದ್ದರಿಂದಲೇ ಆ ಸಾವು ಮೋಸ ಅನ್ನಿಸುವುದಿಲ್ಲ. ನಾವೂ ಎಂಟು ನಿಯಮ ಹೊಡೆದುಹಾಕಿ ಮೂರು ಉಳಿಸಿಕೊಂಡೆವು.

ಮೂರು ಜೀವ ತೋರಿಸುವುದೇ ದೊಡ್ಡ ತಲೆನೋವಾಯಿತು. ಮೇಕಪ್ ಪೆನ್ಸಿಲ್‌ನಲ್ಲಿ ಗೆರೆ ಎಳೆದೆವು. ಹತ್ತೇ ನಿಮಿಷದಲ್ಲಿ ಬೆವರಿಗೆ ಅಳಿಸಿಹೋಯಿತು. ಕೊನೇ ಸಾಲಿಗೆ ಕಾಣುತ್ತಲೂ ಇರಲಿಲ್ಲ. ಕೊನೆಗೆ ತೋಳಿಗೆ ಮೂರು ಕೆಂಪು ವೆಲ್ಕ್ರೋ ಪಟ್ಟಿ ಕಟ್ಟಿದೆವು. ಜೀವ ಹೋದಾಗ ಬ್ಲ್ಯಾಕ್‌ಔಟ್. ಕತ್ತಲಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ‘ಚರ್ರ್’ ಅಂತ ಪಟ್ಟಿ ಕಿತ್ತ ಸದ್ದು. ಲೈಟ್ ಬಂದಾಗ ನಟ ಸೈಡ್ ವಿಂಗ್‌ನಿಂದ, ಅಂದರೆ ವೇದಿಕೆಯ ಪಕ್ಕದ ಮರೆಯಿಂದ, ಉರುಳಿಕೊಂಡು ಬಂದು ಬೀಳುತ್ತಿದ್ದ. ಸಿನಿಮಾದಲ್ಲಿ ಆಕಾಶದಿಂದ ಬೀಳುತ್ತಾರೆ. ನಮ್ಮ ಹತ್ತಿರ ಇದ್ದಿದ್ದು ಕತ್ತಲು ಮತ್ತು ಆ ಸದ್ದು. ಎರಡನೇ ಸಲಕ್ಕೇ ಪ್ರೇಕ್ಷಕರಿಗೆ ಆ ಸದ್ದಿನ ಅರ್ಥ ಗೊತ್ತಾಗಿಬಿಟ್ಟಿತು.

ಸಿನಿಮಾದ ನೈಜೆಲ್ ಥರ, ಎಷ್ಟು ಕೇಳಿದರೂ ಹೇಳಿದ್ದನ್ನೇ ಹೇಳುವ ಮಾರ್ಗದರ್ಶಿಯೂ ನಮ್ಮಲ್ಲಿದ್ದಳು. ನಾಲ್ಕೇ ವಾಕ್ಯ. ಎದುರಿಗಿದ್ದವರು ಕಿರುಚಿದರೂ ಅವಳ ರೆಪ್ಪೆ ಅಲುಗಬಾರದು. ಆ ಹುಡುಗಿ ಕನ್ನಡಿ ಮುಂದೆ ನಿಂತು ಇದನ್ನು ಸಾಧಿಸಿಕೊಂಡಳು. ಇಡೀ ತಂಡದಲ್ಲಿ ಅವಳಷ್ಟು ಕಷ್ಟಪಟ್ಟವರು ಇನ್ನೊಬ್ಬರಿಲ್ಲ.

ಮೊದಲ ಪ್ರದರ್ಶನದಲ್ಲಿ ಯೋಧನ ಪಾತ್ರದ ನಟ ಅಂಗಿಗೆ ಇಲ್ಲದ ತೋಳನ್ನು ಎಳೆದುಕೊಂಡಾಗಲೆಲ್ಲ ಜನ ನಕ್ಕರು. ಕೊನೇ ದೃಶ್ಯದಲ್ಲಿ ಆ ಎತ್ತರದ ನಟನ ತೋಳಲ್ಲಿ ಉಳಿದಿದ್ದು ಒಂದೇ ಪಟ್ಟಿ. ಬಂಡೆಯ ಮೇಲಿಂದ ಹಾರಬೇಕು. ಅವರು ನಿಂತರು, ಮೊಣಕೈ ತಡಕಿದರು, ಬೆರಳು ಮುಚ್ಚಿಕೊಂಡರು. ಈ ಸಲ ಯಾರೂ ನಗಲಿಲ್ಲ. ಅಲ್ಲಿ ‘ನನಗೆ ಭಯ ಆಗ್ತಿದೆ’ ಅಂತ ಶುರುವಾಗುವ ಎರಡು ಸಾಲು ಡೈಲಾಗ್ ಬರೆದಿದ್ದೆ. ಮರುದಿನದ ಪ್ರದರ್ಶನಕ್ಕೆ ಅದನ್ನು ತೆಗೆದುಬಿಟ್ಟೆ.